ಹಲಗಲಿಯ ಬೇಡರೂ ಸರಕಾರದ ಸವಾರರೂ

ಹಲಗಲಿಯ ಬೇಡರ ದಂಗೆಯ ವೃತ್ತಾಂತವನ್ನು ಲಾವಣಿಯ ಮುಖದಿಂದ ಕೇಳದವರು ನಮ್ಮ ಕಮತಗಿಯ ಸೀಮೆಯಲ್ಲಿ ವಿರಳ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷ ಸರಕಾರದ ಅಧಿಕಾರಿಯೇ ಆದ ಫ್ಲೀಟನೆಂಬುದೊಂದು ವಿನೋದ. ಆದರೆ ಕೇಳಿ ತಲೆದೂಗುವ ನಾವು, ಹಲಗಲಿಗೆ ಬೆಂಕಿಯಿಟ್ಟ ಕೈಗಳು ಯಾರವೆಂದು ವಿಚಾರಿಸುವುದಿಲ್ಲ.

1857ರಲ್ಲಿ ಸರಕಾರವು ಕಾಯಿದೆಯೊಂದನ್ನು ಮಾಡಿ, ಪರವಾನಿಗೆಯಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಕೂಡದೆಂದು ವಿಧಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವು ಅಲಂಕಾರವಲ್ಲ, ಜೀವನೋಪಾಯ. ಪೂರ್ವದಲ್ಲಿ ಬೇಡರು ಅರಸರ, ನಾಯಕರ, ದೇಸಾಯರ ಕಾವಲಿಗೂ ಯುದ್ಧಕ್ಕೂ ಹೋಗಿ ಅದಕ್ಕೆ ಪ್ರತಿಯಾಗಿ ಉಂಬಳಿಯನ್ನು ಉಣ್ಣುತ್ತಿದ್ದರು. ಆ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಸುಲಿಗೆಯೂ ಅದರ ಒಂದು ಅಂಗವಾಗಿತ್ತು, ಸುಲಿಗೆಗೆ ಈಡಾದವರು ಬಡ ಒಕ್ಕಲುಮಕ್ಕಳು. ಆದರೂ ಆಳಿನ ಕತ್ತಿ ಆಳಿನದೇ ಆಗಿತ್ತು. ಒಡೆಯನು ಮಾತಿಗೆ ತಪ್ಪಿದರೆ ಅದನ್ನು ಹೆಗಲಿಗೇರಿಸಿ ಬೇರೊಬ್ಬ ಒಡೆಯನನ್ನು ನೋಡಿಕೊಳ್ಳಬಹುದಾಗಿತ್ತು. ಪಲ್ಟಣದ ಸಿಪಾಯಿಗೆ ಈ ಸ್ವಾತಂತ್ರ್ಯವಿಲ್ಲ. ಬಂದೂಕು ಸರಕಾರದ್ದು, ಗುಂಡು ಸರಕಾರದ್ದು, ಗುರಿ ತೋರಿಸುವ ಬೆರಳೂ ಸರಕಾರದ್ದೇ.

ನವೆಂಬರ ತಿಂಗಳ ಕೊನೆಗೆ ಹಲಗಲಿಯ ಮೇಲೆ ದಂಡೆತ್ತಿ ಬಂದವನು ಮಾಲ್ಕಮನು. ಅವನ ಕೈಕೆಳಗಿನದು ದಕ್ಷಿಣ ಮರಾಠಾ ಕುದುರೆಪಡೆ. ಹೆಸರೇ ಹೇಳುವಂತೆ ಸವಾರರು ಈ ದೇಶದವರೇ. ಊರು ಉರಿಯಿತು, ಅನೇಕರು ಸತ್ತರು, ಅನೇಕರು ಸೆರೆಸಿಕ್ಕರು. ಡಿಸೆಂಬರದಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಅದೇ ಮಾಲ್ಕಮನು 1858ರ ಫೆಬ್ರವರಿಯಲ್ಲಿ ಸುರಪುರಕ್ಕೂ ಜೂನದಲ್ಲಿ ನರಗುಂದಕ್ಕೂ ನಡೆದನು.

ಇದರಿಂದ ಯಾರಿಗೆ ಏನು ದೊರೆಯಿತು? ಸರಕಾರಕ್ಕೆ ಆಯುಧವಿಲ್ಲದ ನಾಡೂ ನಿರ್ಭಯವಾದ ಕಂದಾಯವಸೂಲಿಯೂ ದೊರೆತವು. ಸವಾರನಿಗೆ ಪಗಾರ ದೊರೆಯಿತು. ಆ ಪಗಾರವಾದರೂ ವಿಲಾಯತಿಯಿಂದ ಬಂದುದಲ್ಲ. ಇಲ್ಲಿಯ ರೈತರು ಕೊಟ್ಟ ಕಂದಾಯದೊಳಗಿನದೇ. ತನ್ನ ನಾಡನ್ನು ಸುಡುವ ಖರ್ಚನ್ನು ರೈತನೇ ಹೊತ್ತನು!

ಸವಾರನನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಉಂಬಳಿ ಹೋಗಿ, ಮಳೆ ಕೈಕೊಟ್ಟ ಮನೆಯ ಹುಡುಗನಿಗೆ ತಿಂಗಳ ಪಗಾರವು ಸಣ್ಣದಲ್ಲ. 1876-77ರ ಕ್ಷಾಮದಲ್ಲಿ ಈ ಸೀಮೆ ಕಂಡ ದುರ್ದೆಸೆಯನ್ನು ನೆನೆದರೆ ಇದು ತಿಳಿದೀತು.

1914ರ ಮಹಾಯುದ್ಧದಲ್ಲಿಯೂ ಇದೇ ರೀತಿ. ಹತ್ತು ಲಕ್ಷಕ್ಕೆ ಮಿಕ್ಕಿದ ಭಾರತೀಯರು ಸಮುದ್ರ ದಾಟಿದರು. ಆ ಯುದ್ಧದಲ್ಲಿ ಮಡಿದ ನಮ್ಮವರು 74 ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ದೇಶಕ್ಕೆ ದೊರೆತುದು 1919ರ ರೌಲಟ್ ಕಾಯಿದೆ. ಆ ವರ್ಷ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಅಪ್ಪಣೆ ಕೊಟ್ಟವನು ಡಾಯರನು. ಕುದುರೆ ಒತ್ತಿದವರು ಅವನ ದೇಶದವರಲ್ಲ.