ಯಂತ್ರ ದೊಡ್ಡದು, ಅವ್ವನ ಮೈ ಸಣ್ಣದು

ಇವತ್ತು ಮೊದಲು ಒಂದು ಲೆಕ್ಕ ಮಾಡ್ರಿ. ನಿಮ್ಮ ಅವ್ವನ ಎತ್ತರವನ್ನು (ಸೆಂ.ಮೀ.) ತೂಕದಿಂದ (ಕೆಜಿ) ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೀರಿ. ಬರೋದು ಮೈ ಮೇಲ್ಮೈಯ ವಿಸ್ತೀರ್ಣ, ಚದರ ಮೀಟರಿನಲ್ಲಿ. 150 ಸೆಂ.ಮೀ., 45 ಕೆಜಿ ಅಂದ್ರ 1.37. ದೇವದುರ್ಗದಾಗ ಹತ್ತಿ ಬಿಡಿಸೋರು, ಮಾನ್ವಿ ಕಡೆ ಭತ್ತದ ನಾಟಿ ಮಾಡೋರು, ಇಂಥ ಮೈಕಟ್ಟಿನವರು ಎಷ್ಟೋ ಮಂದಿ ಸಿಗ್ತಾರ. ಈ ನಂಬರ್ ನೆನಪಿಟ್ಕೊಳ್ರಿ.

ಹೃದಯ ಸೋತಾಗ ಅದರ ಎಡಭಾಗದ ಕೆಲಸಕ್ಕೆ ಹೆಗಲು ಕೊಡುವ ಪಂಪಿಗೆ ಎಲ್‌ವ್ಯಾಡ್ ಅಂತಾರೆ. 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಮೈಕೆಲ್ ಡಿಬೇಕಿ ಇಂಥದ್ದೊಂದನ್ನು ಮೆಕ್ಸಿಕೋದ 37 ವರ್ಷದ ಒಬ್ಬಾಕೆಗೆ ಜೋಡಿಸಿದರು. 10 ದಿನ ಪಂಪು ದುಡೀತು, ಹೃದಯ ಚೇತರಿಸಿಕೊಂಡಿತು, ಆಕೆ ಮನೆಗೆ ಹೋದಳು. ಅಂದ್ರ ಈ ಚಿಕಿತ್ಸೆ ಗೆದ್ದ ಮೊದಲ ಕಥೆ ಹೆಣ್ಣುಮಗಳದ್ದೇ! ಆದ್ರ ಆ ಪಂಪು ಇದ್ದದ್ದು ಮೈಯ ಹೊರಗ.

ಪಂಪು ಮೈಯೊಳಗ ಹೋದಾಗ ತಕರಾರು ಶುರುವಾಯ್ತು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವಿದ್ಯುತ್ ಹಾರ್ಟ್‌ಮೇಟ್ ಒಂದು ಕೆಜಿಗಿಂತ ಭಾರ, ಹೊಟ್ಟೆಯೊಳಗ ಇಡಬೇಕು. ಮೇಲ್ಮೈ 1.5ಕ್ಕಿಂತ ಕಡಿಮೆ ಇದ್ದವರಿಗೆ ಇಲ್ಲ. ನಮ್ಮ 1.37 ಬಾಗಿಲಾಗೇ ನಿಂತುಬಿಡ್ತು. ‘ಹೆಂಗಸರಿಗೆ ಇಲ್ಲ’ ಅಂತ ಯಾರೂ ಬರೀಲಿಲ್ಲ. ಅಳತೆಯೇ ಆ ಕೆಲಸ ಮಾಡಿತು.

2008ರಲ್ಲಿ ಒಪ್ಪಿಗೆ ಪಡೆದ ಹಾರ್ಟ್‌ಮೇಟ್ 2ರ ತೂಕ ಸುಮಾರು 280 ಗ್ರಾಂ. ಅದೇ ವರ್ಷ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಸ್ಟ್ರೇಲಿಯಾದ ವೆಂಟ್ರಅಸಿಸ್ಟ್ ಪಂಪನ್ನು ಒಬ್ಬ ಗಂಡಸಿಗೆ ಕೂರಿಸಿದರು. 2017ರ ಹಾರ್ಟ್‌ಮೇಟ್ 3 ಬರೀ 200 ಗ್ರಾಂ, ಎದೆಯೊಳಗೇ ಕೂರ್ತದ.

ಅಳತೆಯ ನೆಪ ಮುಗೀತಲ್ಲ? ಆದ್ರೂ ಅಮೆರಿಕದಲ್ಲಿ ಇದನ್ನು ಹಾಕಿಸಿಕೊಂಡವರಲ್ಲಿ ಹೆಂಗಸರು ಸುಮಾರು ಐದರಲ್ಲಿ ಒಬ್ಬರು. ಹಾರ್ಟ್‌ಮೇಟ್ 2ರ ಕಾಲಕ್ಕ ಹೆಂಗಸರಲ್ಲಿ ಪಾರ್ಶ್ವವಾಯು ಹೆಚ್ಚು ಕಂಡಿತ್ತು, ಅದೊಂದು ಕಾರಣ. ಇನ್ನೊಂದು, ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸೋದೇ ತಡ. ಮತ್ತ ಈ ಪಂಪಿನ ತಂತಿ ಹೊಟ್ಟೆಯಿಂದ ಹೊರಗ ಬರ್ತದ. ದಿನಾ ಬ್ಯಾಟರಿ ಬದಲಿಸಬೇಕು, ಗಾಯಕ್ಕ ಡ್ರೆಸ್ಸಿಂಗ್ ಆಗಬೇಕು. ಮನೆಯಾಗ ನೋಡಿಕೊಳ್ಳೋರು ಯಾರು ಅಂತ ಡಾಕ್ಟರು ಮೊದಲೇ ಕೇಳ್ತಾರ. ಅಪ್ಪನಿಗಾದ್ರ ಅವ್ವ ಇರ್ತಾಳ. ಅವ್ವಗ?

ಶಕ್ತಿನಗರದ ಕರೆಂಟು 1985ರಿಂದ ರಾಜ್ಯಕ್ಕೆಲ್ಲ ಹೋಗ್ತದ. ಪಂಪಿನ ಖರ್ಚು ಮಾತ್ರ ಕೋಟಿಯ ಲೆಕ್ಕದಾಗ, ನಮ್ಮ ರಾಯಚೂರಿನ ಎಷ್ಟು ಮನೆಗೆ ಎಟುಕೀತು? ಎಟುಕುವ ಕೆಲಸ ಒಂದದ. ಹೆರಿಗೆಯ ಕೊನೇ ತಿಂಗಳಿಂದ ಬಾಣಂತನದ ಐದು ತಿಂಗಳೊಳಗ ಕೆಲವರಿಗೆ ಹೃದಯವೇ ದುರ್ಬಲ ಆಗ್ತದ. ಮಲಗಿದ್ರ ಉಸಿರು ಕಟ್ಟೋದು, ಕಾಲು ಬಾಯೋದು. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಅಂತ ಮನೆಯಾಗ ಅಂದ್ರ, ಒಂದು ಎಕೋ ಮಾಡಿಸೋಣ ಅಂತ ನೀವು ಹೇಳ್ರಿ. ಬೇಗ ಗೊತ್ತಾದ್ರ ಬಹಳ ಮಂದಿ ಔಷಧದಲ್ಲೇ ಚೇತರಿಸಿಕೊಳ್ತಾರ, ಪಂಪಿನ ತನಕ ಹೋಗೋದೇ ಬೇಕಾಗಲ್ಲ.