ತೂಕ ಇಳಿದ ಮೇಲೂ ಮಾತ್ರೆ ಏಕೆ?



ಪುಣೆಯಲ್ಲಿರುವ ನನ್ನ ದೊಡ್ಡಮ್ಮನ ಮಗಳು ನಾಲ್ಕು ವರ್ಷದ ಹಿಂದೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಳು. ಬೈಪಾಸ್ ಅಂತಾರಲ್ಲ, ಅದೇ. ಹೃದಯದ್ದಲ್ಲ, ಹೊಟ್ಟೆಯದು. 118 ಕಿಲೋ ಇದ್ದವಳು 76ಕ್ಕೆ ಇಳಿದಳು. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದೂ ನಿಂತಿತು. ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದಳು. "ಆ ವಿಟಮಿನ್ ಮಾತ್ರೆ ಎಲ್ಲ ಬಿಟ್ಟು ಎರಡು ವರ್ಷ ಆಯ್ತು ಕಣೋ. ಆಸ್ಪತ್ರೆಯವರದ್ದು ಅದೊಂದು ವ್ಯಾಪಾರ" ಅಂದಳು. ಪಾಯಸ ಬರುವ ಹೊತ್ತಿಗೆ ಇನ್ನೊಂದು ಮಾತು ಬಂತು: "ಇತ್ತೀಚೆಗೆ ಯಾಕೋ ಪಾದ ಜೋಮು ಹಿಡಿದ ಹಾಗೇ ಇರುತ್ತೆ. ಚಪ್ಪಲಿ ಕಳಚಿಕೊಂಡರೂ ಗೊತ್ತಾಗಲ್ಲ."

ಈ ಎರಡು ಮಾತಿಗೂ ಸಂಬಂಧವಿದೆ. ಆ ಸಂಬಂಧ ವೈದ್ಯರಿಗೆ ತಿಳಿದದ್ದು ಹೇಗೆ ಎಂಬುದರ ಕಥೆ ದೊಡ್ಡದು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಆಪರೇಷನ್ ಆದವರು ಇದ್ದರೆ ಇದನ್ನು ಅವರಿಗೂ ಓದಿ ಹೇಳಿ.

ತೂಕ ಇಳಿಸಲೆಂದೇ ಕತ್ತರಿ ಹಿಡಿದ ಮೊದಲ ಪ್ರಯತ್ನಗಳು 1950ರ ದಶಕದಲ್ಲಿ ನಡೆದವು. ಲೆಕ್ಕ ಸರಳವಾಗಿತ್ತು. ಆಹಾರ ಮೈಗೆ ಹತ್ತುವುದು ಸಣ್ಣ ಕರುಳಿನಲ್ಲಿ. ಕರುಳನ್ನು ಮೊಟಕು ಮಾಡಿದರೆ ಎಷ್ಟು ತಿಂದರೂ ಹತ್ತುವುದಿಲ್ಲ. 1960ರ ದಶಕದ ಕೊನೆಗೆ ಈ ವಿಧಾನ ಎಲ್ಲಿಗೆ ಬಂತೆಂದರೆ, ಸುಮಾರು ಇಪ್ಪತ್ತು ಅಡಿ ಉದ್ದದ ಕರುಳಿನಲ್ಲಿ ಮೇಲಿನ 14 ಅಂಗುಲ ಮತ್ತು ಕೊನೆಯ 4 ಅಂಗುಲವನ್ನು ಜೋಡಿಸಿ, ನಡುವಿನದನ್ನೆಲ್ಲ ಆಹಾರದ ದಾರಿಯಿಂದ ಬದಿಗೆ ಸರಿಸಿಬಿಡುತ್ತಿದ್ದರು. ಉಳಿಯುತ್ತಿದ್ದದ್ದು ಒಂದೂವರೆ ಅಡಿ!

ತೂಕವೇನೋ ಇಳಿಯಿತು. ಆದರೆ ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು, ಇರುಳುಗುರುಡು. ಕೆಲವರಿಗೆ ಯಕೃತ್ತೇ ಕೈಕೊಟ್ಟು ಪ್ರಾಣ ಹೋಯಿತು. 1980ರ ಹೊತ್ತಿಗೆ ಈ ಆಪರೇಷನ್ ಮೂಲೆ ಸೇರಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು.

ಅಷ್ಟರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದಿದ್ದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. 1966ರಲ್ಲಿ ಜಠರವನ್ನೇ ಚಿಕ್ಕದು ಮಾಡಿ ಕರುಳಿಗೆ ಜೋಡಿಸಿದರು. ಇಂದಿನ ಬೈಪಾಸ್‌ಗೆ ಮೂಲ ಅದೇ. ಮೇಸನ್ ತುಂಬು ಬಾಳು ಬಾಳಿ 2020ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡರು.

ಈ ದಾರಿ ಹೆಚ್ಚು ಸುರಕ್ಷಿತ, ನಿಜ. ಆದರೆ ಜಠರ ಬರೀ ಚೀಲವಲ್ಲ. ಇದು ಮೇಸನ್‌ಗಿಂತ ನಲವತ್ತು ವರ್ಷ ಮೊದಲೇ ಗೊತ್ತಾಗಿತ್ತು. ಗೊತ್ತಾದ ಬಗೆ ಕೇಳಿದರೆ ನೀವು ಮುಖ ಸಿಂಡರಿಸುತ್ತೀರಿ. ಅದಕ್ಕೆ ಸ್ವಲ್ಪ ಹಿಂದಿನವರೆಗೂ ಒಂದು ಬಗೆಯ ರಕ್ತಹೀನತೆ ಬಂದವರು ಸಾಯುವುದೇ ಸರಿ ಎಂದಿತ್ತು. ಬಾಸ್ಟನ್‌ನ ವಿಲಿಯಂ ಕ್ಯಾಸಲ್ ಎಂಬ ಯುವ ವೈದ್ಯ ಸ್ವತಃ ಮಾಂಸ ತಿಂದು, ಒಂದು ಗಂಟೆ ಬಿಟ್ಟು ಅದನ್ನು ಹೊಟ್ಟೆಯಿಂದ ಹೊರತೆಗೆದು, ನಳಿಕೆಯ ಮೂಲಕ ಆ ರೋಗಿಗಳ ಹೊಟ್ಟೆಗೆ ಇಳಿಸಿದ. ಬರೀ ಮಾಂಸ ಕೊಟ್ಟಾಗ ಏನೂ ಆಗದವರು ಇದರಿಂದ ಚೇತರಿಸಿಕೊಂಡರು. ಆರೋಗ್ಯವಂತ ಜಠರದ ರಸದಲ್ಲಿ ಏನೋ ಒಂದಿದೆ, ಅದು ಸೇರದಿದ್ದರೆ ಆಹಾರದ ಸತ್ವ ರಕ್ತಕ್ಕೆ ಸೇರದು ಎಂದು 1929ರಲ್ಲಿ ಆತ ಪ್ರಕಟಿಸಿದ. ಆ ಸತ್ವ ಬಿ12 ಎಂದು ತಿಳಿದು, ಅದನ್ನು ಬೇರ್ಪಡಿಸಿದ್ದು 1948ರಲ್ಲಿ.

ಬೈಪಾಸ್ ಆದವರಲ್ಲಿ ಆಹಾರವೂ ಆ ರಸವೂ ಸರಿಯಾಗಿ ಸಂಧಿಸುವುದಿಲ್ಲ. ಈಗ ಹೆಚ್ಚು ನಡೆಯುವ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಮೋಸ ಎಲ್ಲಿದೆ ಗೊತ್ತೇ? ನಮ್ಮ ಯಕೃತ್ತು ಬಿ12 ಅನ್ನು ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತದೆ. ಅಜ್ಜಿಯ ಕಣಜದ ಹಾಗೆ, ತಳ ಕಾಣುವವರೆಗೂ ಕೊರತೆ ತಿಳಿಯುವುದಿಲ್ಲ. ಮಾತ್ರೆ ಬಿಟ್ಟ ಮೊದಲ ವರ್ಷ ಚೆನ್ನಾಗಿಯೇ ಇರುತ್ತೀರಿ. ಆಮೇಲೆ ಪಾದ ಜೋಮು ಹಿಡಿಯುತ್ತದೆ. ಸಸ್ಯಾಹಾರಿಗಳಿಗೆ ಕಣಜವೇ ಚಿಕ್ಕದು.

ಮುಂದಿನ ಅಧ್ಯಾಯ ಮುಂಬೈ ಶ್ರೋತೃಗಳದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದು ಪರೇಲ್‌ನ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ಕೂತರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಹಣ್ಣು ತರಕಾರಿ ಕಾಣದ ಊಟವೇ ಕಾರಣವೆಂದು ಲೂಸಿ ಊಹಿಸಿದರು. ಕೊನೆಗೆ ಬ್ರೆಡ್ಡಿಗೆ ಸವರುವ ಅಗ್ಗದ ಮಾರ್ಮೈಟ್, ಅಂದರೆ ಯೀಸ್ಟಿನ ಸಾರ, ಆ ತಾಯಂದಿರನ್ನು ಉಳಿಸಿತು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು ಫೋಲಿಕ್ ಆಸಿಡ್. ಅದನ್ನು 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್.

ಆದರೆ ಕೂಡಲೇ ಒಂದು ಎಡವಟ್ಟು ಬೆಳಕಿಗೆ ಬಂತು. ಬಿ12 ಕೊರತೆಯವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸರಿಹೋಗುತ್ತಿತ್ತು, ನರಗಳು ಮಾತ್ರ ಒಳಗೊಳಗೇ ಹಾಳಾಗುತ್ತಿದ್ದವು. ಹಾಗಾಗಿ "ಹಿಮೋಗ್ಲೋಬಿನ್ ಚೆನ್ನಾಗಿದೆ" ಎಂದು ನೆಮ್ಮದಿಯಾಗಿ ಕೂರಬೇಡಿ. ಬಿ12 ಅನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು. ಇಂಥವರಿಗೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಬಿ12 ಬೇಕು, ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್. ಅಂಗಡಿಯ ಮಾಮೂಲಿ ಮಲ್ಟಿವಿಟಮಿನ್‌ನಲ್ಲಿ ಇಷ್ಟಿರುವುದು ಕಡಿಮೆ.

ಬಿ12 ನಿಧಾನದ ಶತ್ರುವಾದರೆ ಬಿ1, ಅಂದರೆ ಥಯಾಮಿನ್, ಆತುರದ್ದು. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ಬಗ್ಗೆ ಬರೆದರು. ಇಬ್ಬರು ಕುಡುಕರು. ಮೂರನೆಯವಳು ಬಟ್ಟೆ ಹೊಲಿಯುವ 20ರ ಹುಡುಗಿ. ಗಂಧಕಾಮ್ಲ ಕುಡಿದು ಜಠರದ ಬಾಯಿ ಕಟ್ಟಿ, ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಕಣ್ಣಗುಡ್ಡೆ ಹೊರಳದಾಯಿತು, ನಡಿಗೆ ತಪ್ಪಿತು, ಮಂಪರು ಕವಿಯಿತು. ಮೂವರೂ ಉಳಿಯಲಿಲ್ಲ. ಆಗಿನ್ನೂ ವಿಟಮಿನ್ ಎಂಬ ಹೆಸರೇ ಹುಟ್ಟಿರಲಿಲ್ಲ. ಅದೇ ಚಿತ್ರವನ್ನು ನೂರು ವರ್ಷದ ನಂತರ ತೂಕದ ಆಪರೇಷನ್ ಆಗಿ ಎಡೆಬಿಡದೆ ವಾಂತಿ ಮಾಡುತ್ತಿದ್ದವರಲ್ಲಿ ವೈದ್ಯರು ಕಂಡರು. ಥಯಾಮಿನ್ ದಾಸ್ತಾನು ಎರಡು ಮೂರು ವಾರಕ್ಕೇ ಮುಗಿಯುತ್ತದೆ. ಸುಸ್ತೆಂದು ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಸ್ಥಿತಿ ಕೆಡುತ್ತದೆ. ಬೇರೆ ಊರಿನ ನರ್ಸಿಂಗ್ ಹೋಮಿಗೆ ಹೋಗುವ ಪ್ರಸಂಗ ಬಂದರೆ "ನನಗೆ ಹೊಟ್ಟೆಯ ಬೈಪಾಸ್ ಆಗಿದೆ, ಮೊದಲು ಥಯಾಮಿನ್ ಕೊಡಿ" ಎಂದು ಬಾಯಿಬಿಟ್ಟು ಹೇಳಿ.

ಕಬ್ಬಿಣ, ಕ್ಯಾಲ್ಸಿಯಂ ವಿಷಯ ಚುಟುಕಾಗಿ ಹೇಳುತ್ತೇನೆ. ಇವೆರಡೂ ಹೆಚ್ಚಾಗಿ ಹೀರಿಕೆಯಾಗುವುದು ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರ ಅತ್ತ ಹೋಗುವುದೇ ಇಲ್ಲ. ಎರಡು ಮಾತ್ರೆಗಳನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರವಿರಲಿ. ಜಠರಾಮ್ಲ ಕಡಿಮೆಯಾದವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಮೇಲು. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ನುಂಗಿದ್ದು ಹೆಚ್ಚುಕಡಿಮೆ ದಂಡ. ಫಿಲ್ಟರ್ ಕಾಫಿ ಭಕ್ತರಿಗೆ ಇದು ಕಷ್ಟದ ಮಾತು, ನನಗೂ ಗೊತ್ತು.

ಮದುವೆ ಮುಗಿಸಿ ಹೋದ ಅಕ್ಕ ವಾರದೊಳಗೆ ರಕ್ತಪರೀಕ್ಷೆ ಮಾಡಿಸಿದಳು. ಬಿ12 ತಳ ಕಂಡಿತ್ತು. ಈಗ ಇಂಜೆಕ್ಷನ್ ನಡೆದಿದೆ, ಮಾತ್ರೆ ಡಬ್ಬಿ ಮತ್ತೆ ಅಡುಗೆಮನೆಯ ಕಟ್ಟೆಗೆ ಬಂದಿದೆ. ಪಾದ ಮುಕ್ಕಾಲು ಪಾಲು ಸರಿಹೋಗಿದೆ. ಬೆರಳುಗಳಿಗೆ ಮಾತ್ರ ನೆಲದ ತಂಪು ಇನ್ನೂ ತಿಳಿಯುತ್ತಿಲ್ಲವಂತೆ.