ಪಾತ್ರ ಆಡೋಕೆ ‘ತಪ್ಪು ರೀತಿ’ ಅಂತ ಒಂದೈತೇನು?

ಸಾಲಗುಂದದಿಂದ ಮಾತಾಡ್ತಿದ್ದೀನಿ. ಟೇಬಲ್ ಸುತ್ತ ನಾಲ್ಕು ಜನ ಕೂತು, ಒಬ್ಬರು ಕಥೆ ನಡೆಸ್ತಾ, ಉಳಿದವರು ಪಾತ್ರಗಳಾಗಿ ಮಾತಾಡೋ ಆಟ ಗೊತ್ತಲ್ಲ? ಅದನ್ನ ತಪ್ಪಾಗಿ ಆಡೋಕೆ ಸಾಧ್ಯನಾ? ಇದೇ ಇವತ್ತಿನ ಪ್ರಶ್ನೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಮೊದಲ ಮುದ್ರಣ 1,000 ಪ್ರತಿ, ಒಂದೊಂದು ಡಬ್ಬದಲ್ಲಿ ಮೂರು ಸಣ್ಣ ಪುಸ್ತಕ. ನಿಯಮ ಸಾಲದಿದ್ರೆ ನೀವೇ ಮಾಡ್ಕೊಳ್ಳಿ ಅನ್ನೋದು ಅದರ ಧಾಟಿ. ಐದೇ ವರ್ಷಕ್ಕೆ ಮಾತು ಬದಲಾಯ್ತು. 1979ರಲ್ಲಿ ಬಂದ ಆಟ ನಡೆಸುವವರ ಕೈಪಿಡಿಯಲ್ಲಿ, ಎಲ್ಲಾ ಕಡೆ ಆಟ ಹೆಚ್ಚೂಕಮ್ಮಿ ಒಂದೇ ತರಹ ಇರಬೇಕು ಅಂತ ಗೈಗ್ಯಾಕ್ಸ್ ವಾದಿಸಿದರು.

ನಾನು ಬಿಕಾಂ ಓದಿದವನು, ಕಣ್ಣು ಲೆಕ್ಕದ ಕಡೆಗೇ ಹೋಗ್ತದೆ. ನಿಯಮ ಒಂದೇ ಇದ್ರೆ ಪಂದ್ಯಾವಳಿ ನಡೆಸೋದೂ ಸುಲಭ, ಪುಸ್ತಕ ಮಾರೋದೂ ಸುಲಭ. ಅದೇ 1979ರಲ್ಲಿ ಆರ್ನೆಸನ್ ರಾಯಲ್ಟಿಗಾಗಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯ್ತು. ‘ಸರಿಯಾದ ರೀತಿ’ ಯಾವುದು ಅನ್ನೋ ಜಗಳದ ಪಕ್ಕದಲ್ಲೇ ದುಡ್ಡಿನ ಜಗಳವೂ ಇತ್ತು.

ಈಗ ನಮ್ಮ ನಾಡಿಗೆ ಬರೋಣ. ಕುರ್ಚಿ ಇಲ್ಲದಿದ್ರೂ ಇಂಥ ಆಟ ನಮ್ಮಲ್ಲಿ ಹಳೇದು.

ನಮ್ಮ ಸೀಮೆಯ ದೊಡ್ಡಾಟ ನೋಡ್ರಿ. ತಿಂಗಳುಗಟ್ಟಲೆ ತಾಲೀಮು, ಮಾಸ್ತರು ಹೇಳಿಕೊಟ್ಟ ಮಾತು ಬಾಯಿಪಾಠ. ಪಾತ್ರ ರಂಗಕ್ಕೆ ಬಂದ ಕೂಡಲೇ ‘ತಾವ್ಯಾರು?’ ಅಂತ ಸಾರಥಿ ಕೇಳ್ತಾನೆ. ಉತ್ತರ ಮೊದಲೇ ಸಿದ್ಧ. ಇಲ್ಲಿ ಮಾತು ಮರೆತರೆ ಅದು ತಪ್ಪೇ.

ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆ ಇದಕ್ಕೆ ಉಲ್ಟಾ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ ಹಾಡ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ, ಆಗಿಂದಾಗಲೇ ಮಾತು ಕಟ್ತಾರೆ. ಎದುರಿನವರು ಏನು ಕೇಳ್ತಾರೋ ಗೊತ್ತಿರಲ್ಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯ ದೊಡ್ಡ ಹೆಸರು. ಅವರ ರಾವಣ, ವಾಲಿಯ ಮಾತನ್ನ ಜನ ಇವತ್ತಿಗೂ ನೆನೆಸ್ತಾರೆ.

ವಾಲಿವಧೆಯನ್ನೇ ತಗೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ ಅಂತ ವಾಲಿ ರಾಮನನ್ನ ಕೇಳಬಹುದು. ಎಷ್ಟು ಬೇಕಾದ್ರೂ ಇಕ್ಕಟ್ಟಿಗೆ ಸಿಲುಕಿಸಬಹುದು. ವಾದದಲ್ಲಿ ಗೆದ್ದರೂ ಗೆಲ್ಲಬಹುದು. ಆದ್ರೆ ವಾಲಿ ಸಾಯಲೇಬೇಕು, ಯಾಕಂದ್ರೆ ಮುಂದಿನ ಪದ ಅದನ್ನೇ ಹೇಳ್ತದೆ. ದಾರಿ ಆಟಗಾರನದು, ಊರು ಪ್ರಸಂಗದ್ದು.

ಹಾಗಾದ್ರೆ ಇಲ್ಲಿ ತಪ್ಪು ಯಾವುದು? ಹೊಸ ವಾದ ಹೂಡೋದು ತಪ್ಪಲ್ಲ, ಅದಕ್ಕೇ ಜನ ಬಂದಿರ್ತಾರೆ. ಎದುರಿನ ರಾಮನಿಗೆ ಉತ್ತರ ಕೊಡೋಕೆ ಜಾಗವೇ ಬಿಡದೆ ಒಬ್ಬನೇ ರಾತ್ರಿ ನುಂಗೋದು ತಪ್ಪು. ಪಾತ್ರ ಬಿಟ್ಟು ವ್ಯಕ್ತಿಯನ್ನ ಹೀಯಾಳಿಸೋದು ತಪ್ಪು.

ಇದು ಬರೀ ಆಟದ ಮಾತಲ್ಲ. ಮೊದಲ ಸಲ ಬಂದ ಹುಡುಗಿಗೆ ‘ಹೀಗಲ್ಲ ಆಡೋದು’ ಅಂದ್ರೆ, ಅವಳು ಮತ್ತೆ ಬರಲ್ಲ. ಅದಕ್ಕೆ ನನ್ನ ಅಳತೆಗೋಲು ಇಷ್ಟೇ: ಈ ನಿಯಮ ಎಲ್ಲರೂ ಆಡೋಕೆ ಐತೋ, ಯಾರನ್ನೋ ಎಬ್ಬಿಸಿ ಕಳಿಸೋಕೆ ಐತೋ? ಮೊದಲನೇದಾದ್ರೆ ಪಾಲಿಸ್ರಿ. ಎರಡನೇದಾದ್ರೆ, ಆ ನಿಯಮವೇ ತಪ್ಪು ಆಟ.

ನಿಮ್ಮೂರಲ್ಲಿ ಬಯಲಾಟದ ಮಾಸ್ತರು ಇದ್ರೆ ಈ ಪ್ರಶ್ನೆ ಕೇಳಿ ನೋಡ್ರಿ. ಅವರ ಉತ್ತರ ನನಗೂ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.